ಸುರ್ಕಿ ಗಾರೆಯ ಮೀನುಪೆಟ್ಟಿಗೆ

ತಿರುನಾರಾಯಣನ ಬಾಯಿಂದ ಆಗಾಗ ‘ಇಷ್ಟೇ ತಾನೆ’ ಎಂಬ ಮಾತು ಹೊರಡುತ್ತದೆ. ಕೇಳುವುದಕ್ಕೆ ನಿರುಪದ್ರವಿಯಾದ ಮಾತು. ಆದರೆ ಅದು ಹೊರಟಾಗಲೆಲ್ಲ ಅವನ ಹೆಂಡತಿ ಆಂಡಾಳ್ ಮನೆಯ ಸಾಮಾನುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ಈ ಸಲ ಇವುಗಳಲ್ಲಿ ಯಾವುದು ಉಳಿದೀತು ಎಂದು ಯೋಚಿಸುತ್ತಾಳೆ. ಈ ಮಾತಿನ ಬಲದಿಂದ ಅವನು ಒಂದು ಗೋಡೆ ಗಡಿಯಾರವನ್ನೂ ಒಂದು ಸೀಮೆಎಣ್ಣೆ ಸ್ಟೌವನ್ನೂ ಬಿಚ್ಚಿದ್ದಾನೆ. ಗಡಿಯಾರ ಈಗಲೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ. ಸ್ಟೌ ಎಲ್ಲಿದೆಯೆಂದು ಆಂಡಾಳ್ ಕೇಳುವುದನ್ನು ಬಿಟ್ಟಿದ್ದಾಳೆ.

ಎಪ್ಪತ್ತನಾಲ್ಕನೆಯ ಇಸವಿ, ಯುಗಾದಿ ಕಳೆದ ಭಾನುವಾರ, ಮೈಸೂರಿನಲ್ಲಿ ಆಂಡಾಳ್‌ನ ತಮ್ಮ ಪಾರ್ಥಸಾರಥಿಯ ಮನೆಯಲ್ಲಿ ಆ ಮಾತು ಮತ್ತೆ ಹೊರಟಿತು. ಪಾರ್ಥಸಾರಥಿ ಬ್ಯಾಂಕಿನವನು. ಬೆಂಗಳೂರಿನಿಂದ ಒಂದು ಗಾಜಿನ ತೊಟ್ಟಿ ತರಿಸಿ ನಡುಮನೆಯಲ್ಲಿ ಇಟ್ಟಿದ್ದ. ಅದರೊಳಗೆ ಒಂದು ದೀಪ, ದೀಪದ ಕೆಳಗೆ ಮರಳು, ಮರಳಿನ ಮೇಲೆ ಪಿಂಗಾಣಿಯ ಪುಟ್ಟ ಸೇತುವೆ, ಸೇತುವೆಯ ಕೆಳಗೆ ಮಾಡುವುದಕ್ಕೇನೂ ಕೆಲಸವಿಲ್ಲದೆ ತೇಲುತ್ತಿದ್ದ ಕೆಂಪು ಮೀನುಗಳು.

“ಭಾವ, ಇದಕ್ಕೆ ಅಕ್ವೇರಿಯಂ ಅಂತಾರೆ,” ಎಂದ ಪಾರ್ಥಸಾರಥಿ, ತಿಳಿಯದವರಿಗೆ ತಿಳಿಸುವ ಧ್ವನಿಯಲ್ಲಿ. “ನಿಮ್ಮ ಮಂಡ್ಯದಲ್ಲೆಲ್ಲ ಇದು ಸಿಕ್ಕೋಲ್ಲ.”

ತಿರುನಾರಾಯಣ ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. “ಇಷ್ಟೇ ತಾನೆ?” ಎಂದ. “ಒಂದು ಪ್ಲೈವುಡ್ ಪೆಟ್ಟಿಗೆ, ಮುಂದುಗಡೆ ಒಂದು ಗಾಜು. ನಾನೇ ಮಾಡ್ತೀನಿ. ನೀರು ನಿಲ್ಲಿಸೋದನ್ನ ಮಂಡ್ಯದವರಿಗೆ ನೀನು ಹೇಳಿಕೊಡಬೇಡ ಪಾರ್ಥ.”

ಈ ಮಾತಿನ ಹಿಂದೆ ಒಂದು ಇತಿಹಾಸವಿದೆ. ಮಂಡ್ಯದ ಸೀಮೆಯಲ್ಲಿ ಹುಟ್ಟಿದ ಪ್ರತಿಯೊಬ್ಬನೂ ಕನ್ನಂಬಾಡಿ ಕಟ್ಟೆಯನ್ನು ತಾನೇ ಕಟ್ಟಿದವನಂತೆ ಮಾತಾಡುತ್ತಾನೆ. ಕಟ್ಟೆಯ ನೀರು ಅವನ ಗದ್ದೆಗೆ ಬಂದು, ಗದ್ದೆಯಿಂದ ಕಬ್ಬಾಗಿ, ಕಬ್ಬಿನಿಂದ ರಕ್ತಕ್ಕೆ ಸೇರಿರುವುದೇ ಇದಕ್ಕೆ ಕಾರಣವಿರಬೇಕು. ತಿರುನಾರಾಯಣನಿಗಂತೂ ಇನ್ನೂ ಹತ್ತಿರದ ಸಂಬಂಧ. ಅವನು ನೀರಾವರಿ ಇಲಾಖೆಯ ಕಚೇರಿಯಲ್ಲಿ ಟಪಾಲು ವಿಭಾಗ ನೋಡಿಕೊಳ್ಳುತ್ತಿದ್ದ. ಬಂದ ಲಕೋಟೆಗೆ ಮುದ್ರೆ ಒತ್ತುವುದು, ಹೋಗುವ ಲಕೋಟೆಗೆ ಗೋಂದು ಹಚ್ಚುವುದು ಅವನ ಕೆಲಸ. ಅಂಟಿಸುವ ವಿದ್ಯೆ ತನಗೆ ಕರಗತವೆಂದು ಅವನು ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅವನು ಬಾಡಿಗೆಗಿದ್ದದ್ದು ಹೊನ್ನಯ್ಯನ ಮನೆಯಲ್ಲಿ. ಹೊನ್ನಯ್ಯ ಕಬ್ಬು ಬೆಳೆಯುವ ಗೌಡ, ಸ್ಥಿತಿವಂತ. ತಾನಿದ್ದ ಮನೆಯ ಮಗ್ಗುಲಿಗೇ ಇನ್ನೊಂದು ಮನೆ ಕಟ್ಟಿಸಿ, ಊರೆಲ್ಲ ವಿಚಾರಿಸಿ ಅದಕ್ಕೆ ಅಯ್ಯಂಗಾರರನ್ನೇ ಹುಡುಕಿ ತಂದಿದ್ದ. ಇದು ಅವನ ತಾಯಿ ಅಂಕಮ್ಮನ ಹಟ.

“ಆ ಕಡೆ ಮನೇಲಿ ಬೆಳಗಾನೆ ಮಂತ್ರ ಕೇಳ್ಬೇಕು ಕಣ್ಲಾ ಹೊನ್ನ,” ಎಂದಿದ್ದಳು ಅಂಕಮ್ಮ. “ಈ ಕಡೆ ಮನೇಲಿ ನಾವು ಬಾಡು ಬೇಯಿಸ್ಕಳಾವ. ಆಗ ಎಲ್ಡೂ ಸಮ ಆಯ್ತದೆ.”

ತಿರುನಾರಾಯಣ ಮುಂಜಾನೆ ಬಾವಿಯ ನೀರು ಮೈಮೇಲೆ ಸುರಿದುಕೊಳ್ಳುವಾಗ ಚಳಿಗೆ ಹೊರಡಿಸುತ್ತಿದ್ದ ಶಬ್ದಗಳನ್ನೇ ಅಂಕಮ್ಮ ಮಂತ್ರವೆಂದು ತಿಳಿದು, ಗೋಡೆಯ ಆಚೆ ನಿಂತು ಕೈಮುಗಿಯುತ್ತಿದ್ದಳು. ಅವರು ಬಂದ ಮೇಲೆ ಹಸು ಹೆಣ್ಣುಗರು ಹಾಕಿತ್ತು. ಕಬ್ಬು ಒಳ್ಳೆಯ ತೂಕ ಬಂದಿತ್ತು. ಹೊನ್ನಯ್ಯ ಹಾಕಿದ್ದ ಕರಾರು ಒಂದೇ: ಆ ಮನೆ ಮೈಲಿಗೆಯಾಗಕೂಡದು. ಆಂಡಾಳ್‌ಗೂ ಆ ಮನೆಯೆಂದರೆ ಪ್ರಾಣ. ಹಿತ್ತಿಲಲ್ಲಿ ಸಿಹಿನೀರಿನ ಬಾವಿ, ಮಡಿಯಲ್ಲಿ ಅಡಿಗೆ ಮಾಡಲು ಬೆಳಕಿರುವ ಒಳಮನೆ, ಬಟ್ಟೆ ಒಣಗಿಸಲು ಯಾರ ಕಣ್ಣೂ ಬೀಳದ ಜಾಗ. ಮಂಡ್ಯದಲ್ಲಿ ಇಂಥ ಇನ್ನೊಂದು ಮನೆ ಸಿಗುವುದಿಲ್ಲವೆಂದು ಅವಳು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಪೆಟ್ಟಿಗೆ ಮಾಡಿದವನು ಬಡಗಿ ನಾಗಯ್ಯ. ಟೀ ತುಂಬಿ ಬರುವ ಪೆಟ್ಟಿಗೆಗಳ ಪ್ಲೈವುಡ್ ತಂದು, ಜೋಡಿಸಿ, ಒಳಗೆಲ್ಲ ಬಣ್ಣ ಬಳಿದದ್ದಾಯಿತು. ಗಾಜು ಕೂರಿಸುವ ಪ್ರಶ್ನೆ ಬಂದಾಗ ನಾಗಯ್ಯ ತಲೆ ಕೆರೆದುಕೊಂಡ. ಅವನು ಜೀವಮಾನವೆಲ್ಲ ಬಾಗಿಲು ಕಿಟಕಿ ಮಾಡಿದವನು.

“ಕಿಟಕಿಗೆ ಎಂಗೆ ಕೂರಿಸ್ತೀವೋ ಅಂಗೇ ಕೂರಿಸ್ಬುಡಾನಾ ಸ್ವಾಮಿ? ಆಚೆಯಿಂದ ಗಾಜು ಇಟ್ಟು, ಸುತ್ತ ಪಟ್ಟಿ ಒಡೆದು?”

“ಕಿಟಕಿ ಗಾಳಿ ತಡೆಯುತ್ತೆ, ಇದು ನೀರು ತಡೆಯಬೇಕು. ತಡೆಯೋದು ತಡೆಯೋದೇ,” ಎಂದು ತಿರುನಾರಾಯಣ ತೀರ್ಪು ಕೊಟ್ಟ. ನೀರು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಆದ್ದರಿಂದ ಗಾಜನ್ನು ಒಳಗಿನಿಂದ ಇಡಬೇಕು ಎಂಬುದು ಆ ಗಳಿಗೆಯಲ್ಲಿ ಅಲ್ಲಿದ್ದ ಇಬ್ಬರಿಗೂ ಹೊಳೆಯಲಿಲ್ಲ. ಆಮೇಲೂ ಹೊಳೆಯಲಿಲ್ಲ.

ಪೆಟ್ಟಿಗೆ ಜಗಲಿಯ ಮೇಲೆ ಒಣಗುತ್ತಿದ್ದಾಗ ಬೀದಿಯವರು ಬಂದು ನೋಡಿದರು. ಅಯ್ಯಂಗಾರರು ಕೆಲಸ ಬಿಟ್ಟು ಮಿಠಾಯಿ ಅಂಗಡಿ ಇಡುತ್ತಾರಂತೆ ಎಂದರು ಕೆಲವರು. ದೇವರನ್ನು ಗಾಜಿನೊಳಗೆ ಇಟ್ಟು ಪೂಜೆ ಮಾಡುತ್ತಾರೆ, ಜಿರಲೆ ಕಾಟಕ್ಕೆ, ಎಂದರು ಇನ್ನು ಕೆಲವರು. ಅಂಕಮ್ಮನಿಗೆ ಎರಡನೆಯದು ಬಹಳ ಹಿಡಿಸಿತು.

ಕಿಟಕಿಗೆ ಮೆತ್ತುವ ಪುಟ್ಟಿಯನ್ನೇ ತಂದು ಗಾಜಿನ ಅಂಚಿಗೆಲ್ಲ ಮೆತ್ತಿ, ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು ನೀರು ತುಂಬಿದರು. ನೀರು ಮೊದಲು ಒಂದು ಮೂಲೆಯಲ್ಲಿ ಬೆವರಿತು. ಆಮೇಲೆ ಹನಿಯಿತು. ಆಂಡಾಳ್ ಸಾರಿಗೆ ಒಗ್ಗರಣೆ ಕೊಟ್ಟು ತಿರುಗುವ ಹೊತ್ತಿಗೆ ಅಡಿಗೆ ಮನೆಯ ಹೊಸ್ತಿಲು ದಾಟಿ ಅವಳ ಕಾಲು ತೊಳೆಯಿತು. ತಿರುನಾರಾಯಣ ಅಂಗಡಿಗೆ ಹೋಗಿ ಜಗಳ ತೆಗೆದ. “ಕಿಟಕಿಗೆ ಅಂದ್ರಿ, ಕಿಟಕಿಗೆ ಕೊಟ್ಟೆ. ನಿಮ್ಮ ಮನೆ ಕಿಟಕೀಲಿ ನೀರು ತುಂಬ್ತೀರಾ ಅಂತ ನಾನು ಕನಸು ಕಂಡಿದ್ನೆ?” ಎಂದ ಅಂಗಡಿಯವನು.

ಇಂಥ ಸಂದರ್ಭಕ್ಕೆಂದೇ ಎದುರುಮನೆಯಲ್ಲಿ ಶ್ಯಾಮಣ್ಣನವರಿದ್ದರು. ನಿವೃತ್ತ ಓವರ್‌ಸಿಯರ್. ಅವರ ತಂದೆ ಕನ್ನಂಬಾಡಿಯ ಕೆಲಸದಲ್ಲಿದ್ದವರು. ಶ್ಯಾಮಣ್ಣನವರ ಮಾತು ಹವಾಮಾನದಿಂದ ಶುರುವಾಗಲಿ, ಮೊಮ್ಮಗುವಿನ ಹಲ್ಲುನೋವಿನಿಂದ ಶುರುವಾಗಲಿ, ಮೂರನೆಯ ವಾಕ್ಯಕ್ಕೆ ಕನ್ನಂಬಾಡಿಗೆ ಬಂದು ನಿಲ್ಲುತ್ತಿತ್ತು. ಈ ಸಲ ಅವರು ಅಷ್ಟು ದೂರ ಸುತ್ತಬೇಕಾಗಲಿಲ್ಲ.

“ಸಿಮೆಂಟು ಹಾಕೋಣ ಅಂತಿದ್ದೀನಿ,” ಎಂದ ತಿರುನಾರಾಯಣ. “ಆದರೆ ಪರ್ಮಿಟ್ಟು ಸಿಗಬೇಕಲ್ಲ. ಮೀನಿಗೆ ಅಂದರೆ ಯಾರು ಕೊಡ್ತಾರೆ?”

“ಸಿಮೆಂಟು!” ಶ್ಯಾಮಣ್ಣನವರು ಆ ಪದವನ್ನು ಜಗಲಿಯಿಂದ ಆಚೆಗೆ ಉಗಿದರು. “ಕನ್ನಂಬಾಡಿಗೆ ಸಿಮೆಂಟು ಹಾಕಿದ್ರೇನಯ್ಯ? ಸುರ್ಕಿ! ಸುಟ್ಟ ಇಟ್ಟಿಗೆ ಪುಡಿ, ಸುಣ್ಣ. ಒಂದು ಸಮುದ್ರವನ್ನೇ ಹಿಡಿದು ನಿಲ್ಲಿಸಿದೆ. ನಿನ್ನ ಎರಡು ಕೊಡ ನೀರು ಒಂದು ಲೆಕ್ಕವೆ?”

“ಗಾಜಿಗೆ ಹಿಡಿಯುತ್ತಾ?”

“ಹಿಡಿಯೋ ಹಾಗೆ ಮಾಡಬೇಕು. ನಮ್ಮ ತಂದೆಯವರ ಕೈಗುಣ ಒಂದಿತ್ತು. ಸುರ್ಕಿಗೆ ಬೆಲ್ಲದ ನೀರು ಹಾಕೋದು. ಅದರ ಮೇಲೆ...” ಶ್ಯಾಮಣ್ಣನವರು ಬೀದಿಯ ಎರಡೂ ಕಡೆ ನೋಡಿ ಧ್ವನಿ ತಗ್ಗಿಸಿದರು. “ಕೋಳಿಮೊಟ್ಟೆ ಲೋಳೆ.”

“ಮೊಟ್ಟೆಯೇ?”

“ಮೆಲ್ಲಗೆ! ತಿನ್ನು ಅಂದೆನೇನಯ್ಯ? ಗಾರೆಗೆ ಹಾಕು ಅಂದೆ. ಗಾರೆಗೆ ಯಾವ ಮಡಿ?”

ಬೆಲ್ಲಕ್ಕೆ ಮಂಡ್ಯದಲ್ಲಿ ಕೊರತೆಯಿಲ್ಲ. ಇಟ್ಟಿಗೆ ಪುಡಿ, ಸುಣ್ಣ ಸಿಕ್ಕಿತು. ಉಳಿದದ್ದು ಮೊಟ್ಟೆ. ಹಾಲು ತರುವ ಮರಿತಾಯಮ್ಮನ ಮನೆಯಲ್ಲಿ ಕೋಳಿಗಳಿರುವುದು ತಿರುನಾರಾಯಣನಿಗೆ ನೆನಪಾಯಿತು. ಮಾರನೆಯ ಬೆಳಿಗ್ಗೆ ಆಂಡಾಳ್ ಬಾವಿಯ ಹತ್ತಿರ ಇದ್ದ ಸಮಯ ನೋಡಿ, ಹಾಲಿನ ಪಾತ್ರೆ ಹಿಡಿದು ತಾನೇ ಬಾಗಿಲಿಗೆ ಹೋದ.

“ಮರಿತಾಯಮ್ಮ, ನಿಮ್ಮನೇಲಿ ಕೋಳಿ ಇವೆಯಲ್ಲ?”

“ಅವೆ ಸ್ವಾಮಿ. ಯಾಕೆ, ನಿಮ್ಮ ಇತ್ಲಿಗೆ ಬಂದಿದ್ವಾ?”

“ಇಲ್ಲ, ಇಲ್ಲ. ಅವು ಮೊಟ್ಟೆ ಇಡ್ತವಾ?”

“ಕೋಳಿ ಇನ್ನೇನ್ ಇಕ್ತವೆ ಸ್ವಾಮಿ?”

“ನನಗೊಂದು ಆರು ಬೇಕಾಗಿತ್ತು. ನನಗಲ್ಲ. ಗಾಜಿಗೆ.”

ಮರಿತಾಯಮ್ಮ ಹಾಲು ಅಳೆಯುವುದನ್ನು ನಿಲ್ಲಿಸಿದಳು. “ಗಾಜಿಗೆ,” ಎಂದಳು.

“ಹೌದು. ಹಳದಿ ಬೇಡ, ಬಿಳೀದು ಮಾತ್ರ ಸಾಕು.”

“ಸ್ವಾಮಿ, ನಮ್ಮ ಕೋಳಿ ಎಲ್ಡೂ ಸೇರಿಸೇ ಇಕ್ಕದು.” ಅವಳು ಅವನ ಹಣೆಯ ನಾಮವನ್ನು ಒಂದು ಕ್ಷಣ ನೋಡಿ, ಕನಿಕರದಿಂದ ದನಿ ಇಳಿಸಿದಳು. “ತಂದ್ಕೊಡ್ತೀನಿ ಬುಡಿ. ನಾನು ಯಾರ್ಗೂ ಯೇಳಕ್ಕಿಲ್ಲ. ಮೊದಮೊದ್ಲು ಎಲ್ರಿಗೂ ನಾಚ್ಕೇನೇ.”

ಅವಳು ಯಾರಿಗೂ ಹೇಳಲಿಲ್ಲ. ಹಾಲು ಹಾಕುವ ಮನೆಗಳಲ್ಲಿ ಮಾತ್ರ ಹೇಳಿದಳು. ಮಂಡ್ಯದ ಆ ಭಾಗದಲ್ಲಿ ಅವಳು ಹಾಲು ಹಾಕದ ಮನೆಯಿರಲಿಲ್ಲ.

ಆಂಡಾಳ್‌ಗೆ ವಿಷಯ ತಿಳಿದದ್ದು ಗಂಡ ಒರಳುಕಲ್ಲಿನ ಮುಂದೆ ಅನುಮಾನಾಸ್ಪದವಾಗಿ ನಿಂತಿದ್ದಾಗ. “ರೀ, ಅದು ನನ್ನ ಒರಳಿಗೆ ಬಿದ್ದರೆ ಒರಳು ಆಚೆಗೆ ಹೋಗುತ್ತೆ. ಒರಳಿನ ಹಿಂದೆ ನೀವೂ,” ಎಂದಳು. ಅವನು ಹಿತ್ತಿಲ ಮೂಲೆಯಲ್ಲಿ ಒಗೆಯುವ ಕಲ್ಲಿಗಿಂತ ದೂರದಲ್ಲಿ ಒಂದು ಚಪ್ಪಡಿ ಹಾಕಿಕೊಂಡು, ಮೂಗಿಗೆ ಪಂಚೆಯ ಚುಂಗು ಕಟ್ಟಿ, ಕಣ್ಣು ಅರ್ಧ ಮುಚ್ಚಿ ಗಾರೆ ಅರೆದ. ಮೊಟ್ಟೆಯ ಚಿಪ್ಪುಗಳನ್ನು ಹೊಂಗೆಮರದ ಕೆಳಗೆ ಹೂತ. ಹೊನ್ನಯ್ಯನ ಮನೆಯ ನಾಯಿ ಅವುಗಳನ್ನು ಅಗೆದು ಅಂಕಮ್ಮನ ಪಾದದ ಬಳಿ ತಂದು ಇಟ್ಟಿತು.

ಅಂಕಮ್ಮ ನ್ಯಾಯವಂತೆ. “ಔಸ್ದಿಗೆ ಇರ್ಬೌದು ಕಣ್ಲಾ,” ಎಂದಳು ಮಗನಿಗೆ. “ಅಯ್ನೋರು ಒಣಕ್ಕಂಡವ್ರೆ. ಡಾಕ್ಟ್ರು ಬರ್ಕೊಟ್ಟಿರ್ಬೇಕು. ಸುಮ್ಕಿರು.” ಅಂದು ಸಂಜೆಯಿಂದ ಬೀದಿಯವರೆಲ್ಲ ತಿರುನಾರಾಯಣನನ್ನು ಕಂಡಾಗ “ಈಗ ಹೇಗಿದ್ದೀರಿ?” ಎಂದು ಮೃದುವಾಗಿ ಕೇಳತೊಡಗಿದರು. ಅವನು “ಗಟ್ಟಿ ಆಗ್ತಾ ಇದೆ” ಎಂದು ಗಾರೆಯ ವಿಷಯ ಹೇಳುತ್ತಿದ್ದ. ಅವರು ಸಮಾಧಾನಪಟ್ಟುಕೊಂಡು ಮುಂದೆ ಹೋಗುತ್ತಿದ್ದರು.

ಗಾರೆ ನಿಜವಾಗಿಯೂ ಗಟ್ಟಿಯಾಯಿತು. ಬೆಲ್ಲದ ವಾಸನೆಗೆ ಬೀದಿಯ ಇರುವೆಗಳೆಲ್ಲ ಬಂದು ಪರೀಕ್ಷಿಸಿ, ಸುಣ್ಣದ ರುಚಿ ಸಿಕ್ಕಿದ ಮೇಲೆ ಮುಖ ತಿರುಗಿಸಿ ಹೋದವು. ಶ್ಯಾಮಣ್ಣನವರು ದಿನಾ ಬಂದು ಗಾರೆಗೆ ಹೊದಿಸಿದ ಗೋಣಿತಾಟಿಗೆ ನೀರು ಚಿಮುಕಿಸಿ ಹದ ಮಾಡಿದರು. ಕೊನೆಗೆ ಅರ್ಧ ಪೆಟ್ಟಿಗೆ ನೀರು ಹಾಕಿ ನೋಡಿದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ತೊಟ್ಟು ಆಚೆ ಬರಲಿಲ್ಲ. ಶ್ಯಾಮಣ್ಣನವರು ಬೆರಳಿನ ಗೆಣ್ಣಿನಿಂದ ಗಾರೆಯನ್ನು ತಟ್ಟಿ, ಸತ್ತ ತಂದೆಯನ್ನು ನೆನೆದು ಕನ್ನಡಕ ಒರೆಸಿಕೊಂಡರು.

ಇನ್ನು ಮೀನು. ಮೈಸೂರಿನ ಬಣ್ಣದ ಮೀನನ್ನು ಪಾರ್ಥಸಾರಥಿಯ ಹತ್ತಿರ ಕೇಳುವುದಕ್ಕೆ ಅಭಿಮಾನ ಬಿಡಲಿಲ್ಲ. ಮಂಡ್ಯದ ಮಾರುಕಟ್ಟೆಯಲ್ಲಿ ಎಲ್ಲರೂ ಗುರುತಿನವರು. ಅಯ್ಯಂಗಾರ್ ಒಬ್ಬ ಮೀನಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಸಂತೆಯೇ ನಿಂತು ನೋಡುತ್ತದೆ. ಆದ್ದರಿಂದ ಕಚೇರಿಗೆ ಅರ್ಧ ದಿನ ರಜೆ ಹಾಕಿ, ಮುಚ್ಚಳವಿದ್ದ ಹಿತ್ತಾಳೆ ಕೂಜವನ್ನು ಚೀಲದಲ್ಲಿ ಇಟ್ಟುಕೊಂಡು, ಮದ್ದೂರಿನ ಸಂತೆಗೆ ಹೋದ.

ಅಲ್ಲಿ ಪಟ್ಟಲಮ್ಮ ಎಂಬಾಕೆ ಬೋಸಿಯಲ್ಲಿ ಕೆರೆಯ ಗೆಂಡೆ ಮೀನು ಇಟ್ಟುಕೊಂಡು ಕೂತಿದ್ದಳು.

“ಜೀವ ಇರೋದು ಬೇಕಮ್ಮ. ನಾಲ್ಕು.”

“ಜೀವ ಇರಾದೇ ಸ್ವಾಮಿ, ನೋಡಿ ಎಂಗೆ ಎಗರ್ತವೆ. ಕುಯ್ದು ಕೊಡ್ಲಾ?”

“ಅಯ್ಯಯ್ಯೋ! ಬೇಡ, ಬೇಡ.”

“ಮನೇಲೇ ಕುಯ್ಕತೀರಾ?”

“ತಿನ್ನೋಕಲ್ಲಮ್ಮ. ಇಟ್ಟುಕೊಂಡು ನೋಡೋಕೆ.”

ಪಟ್ಟಲಮ್ಮ ಅವನ ನಾಮದಿಂದ ಹಿಡಿದು ಕೂಜದವರೆಗೆ ನೋಡಿದಳು. “ಪಾಪ, ಬರೀ ಅನ್ನ ಉಣ್ಕಂಡು ಮೀನ್ನ ನೋಡ್ತಾ ಕೂರದಾ ಸ್ವಾಮಿ?” ಎಂದು ಲೊಚಗುಟ್ಟಿ, ನಾಲ್ಕನ್ನೂ ಕೂಜಕ್ಕೆ ಬಿಟ್ಟು ನೀರು ತುಂಬಿಕೊಟ್ಟಳು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ತಿರುನಾರಾಯಣ ಕೂಜವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಚ್ಚಳದ ಮೇಲೆ ಕೈಯಿಟ್ಟು, ಪರಮ ನೆಮ್ಮದಿಯಿಂದ ಕಣ್ಣು ಮುಚ್ಚಿದ. ಬಸ್ಸು ಹೊರಡುವಾಗ ಯಾರೋ ಓಡಿಬಂದು ಹತ್ತಿ ಅವನ ಪಕ್ಕದಲ್ಲೇ ಕೂತರು. ಕಣ್ಣು ಬಿಟ್ಟರೆ ಹೊನ್ನಯ್ಯ.

“ಏನ್ ಸ್ವಾಮಿ, ಮದ್ದೂರ್ ಕಡೆ?”

“ಹೀಗೇ... ದೇವಸ್ಥಾನಕ್ಕೆ.”

“ನರಸಿಂಹಸ್ವಾಮಿ ಗುಡಿಗಾ? ಒಳ್ಳೇದು, ಒಳ್ಳೇದು. ಮೈ ಉಸಾರಾದ್ರೆ ಬತ್ತೀನಿ ಅಂತ ಅರಸ್ಕಂಡಿದ್ರೇನೋ.” ಹೊನ್ನಯ್ಯನ ಕಣ್ಣು ಕೂಜದ ಮೇಲೆ ಬಿತ್ತು. “ಇದ್ರಲ್ಲೇನು?”

ಮನುಷ್ಯನಿಗೆ ಯೋಚಿಸಲು ಸಮಯವಿಲ್ಲದಾಗ ಬಾಯಿ ತನ್ನ ಕುಲದ ಕಡೆಗೇ ಹೊರಳುತ್ತದೆ. “ತೀರ್ಥ,” ಎಂದ ತಿರುನಾರಾಯಣ.

ಹೊನ್ನಯ್ಯ ಕಾಲಿನ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿದ. ತಲೆಯ ಟವಲು ತೆಗೆದು ಹೆಗಲಿಗೆ ಹಾಕಿದ. ಬಲಗೈಯನ್ನು ಟವಲಿನಲ್ಲಿ ಒರೆಸಿ, ಅದರ ಕೆಳಗೆ ಎಡಗೈ ಇಟ್ಟು ಮುಂದೆ ಚಾಚಿದ.

“ವಸಿ ಕೊಡಿ ಸ್ವಾಮಿ.”

“ಇದು... ಮನೆಗೆ ತಗೊಂಡು ಹೋಗೋ ತೀರ್ಥ ಹೊನ್ನಯ್ಯನವರೆ.”

“ಒಂದ್ ತೊಟ್ಟು ಸಾಕು.”

ಮುಂದಿನ ಸೀಟಿನ ಅಜ್ಜಿಯೊಬ್ಬಳು ತಿರುಗಿ ತಾನೂ ಕೈಚಾಚಿದಳು. ಹಿಂದಿನಿಂದ ಎರಡು ಕೈ ಬಂದವು. ಕಂಡಕ್ಟರು ಟಿಕೆಟ್ಟಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ, “ಸ್ವಾಮಿ, ಡ್ಯೂಟಿ ಮೇಲಿರೋವ್ರಿಗೆ ಮೊದ್ಲು,” ಎಂದು ಎಲ್ಲರ ಮೇಲಿಂದ ತನ್ನ ಕೈ ನೀಡಿದ. ತಿರುನಾರಾಯಣ ಬೆವರುತ್ತ ಮುಚ್ಚಳವನ್ನು ಉಗುರಿನಷ್ಟು ಸಡಿಲಿಸಿ, ಒಂದೇ ಒಂದು ಹನಿ ಉದುರಿಸುವ ಉದ್ದೇಶದಿಂದ ಕೂಜವನ್ನು ಬಗ್ಗಿಸಿದ. ಗೆಜ್ಜಲಗೆರೆಯ ಹತ್ತಿರ ರಸ್ತೆಯಲ್ಲಿ ಒಂದು ಗುಂಡಿ ಇತ್ತು. ಬಸ್ಸು ಅದನ್ನು ತಪ್ಪಿಸಲಿಲ್ಲ.

ಮುಚ್ಚಳ ಹಾರಿತು. ಹೊನ್ನಯ್ಯನ ಅಂಗೈಯಲ್ಲಿ ಒಂದು ಬೊಗಸೆ ನೀರೂ, ನೀರಿನ ನಡುವೆ ಒಂದು ಗೆಂಡೆ ಮೀನೂ ಬಿದ್ದವು. ಹೊನ್ನಯ್ಯ ಮೀನನ್ನು ನೋಡಿದ. ಮೀನು ಹೊನ್ನಯ್ಯನನ್ನು ನೋಡಿ ಬಾಯಿ ಬಿಟ್ಟಿತು. ಚಾಚಿದ್ದ ಕೈಗಳೆಲ್ಲ ಒಂದೊಂದಾಗಿ ಹಿಂದೆ ಸರಿದವು. ಕಂಡಕ್ಟರು “ಟಿಕೆಟ್, ಟಿಕೆಟ್” ಎನ್ನುತ್ತ ಬಸ್ಸಿನ ಮುಂಭಾಗಕ್ಕೆ ನಡೆದುಬಿಟ್ಟ.

ಹೊನ್ನಯ್ಯ ದಾರಿಯಲ್ಲಿ ಸಿಕ್ಕ ಬೇರೆಯವರ ಸಾಮಾನು ಹಿಂದಿರುಗಿಸುವಂತೆ ಮೀನನ್ನು ಕೂಜಕ್ಕೆ ಬಿಟ್ಟು ಮುಚ್ಚಳ ಹಾಕಿದ. “ಗೆಂಡೆ,” ಎಂದ. ಚಪ್ಪಲಿ ಮೆಟ್ಟಿಕೊಂಡು ಎದ್ದುಹೋಗಿ ಬೇರೆ ಸೀಟಿನಲ್ಲಿ ಕೂತ. ಮಂಡ್ಯ ಬರುವವರೆಗೆ ತಿರುಗಿ ನೋಡಲಿಲ್ಲ.

ಸಂಜೆ ಅವನು ಬಂದು ಜಗಲಿಯ ತುದಿಯಲ್ಲಿ ಕೂತಾಗ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು.

“ಮೊಟ್ಟೆ ಆಯ್ತು. ಔಸ್ದಿ ಅಂತ ನಮ್ಮವ್ವ ಸುಮ್ಕಾದ್ಲು. ಈಗ ಮೀನು. ನಾಳೀಕೆ ಒಂದು ಕುರಿ ಇಡ್ಕ ಬತ್ತೀರಿ. ಮನೆ ಖಾಲಿ ಮಾಡ್ಬುಡಿ ಸ್ವಾಮಿ.”

“ಹೊನ್ನಯ್ಯನವರೆ, ನಾವು ತಿನ್ನೋವ್ರಲ್ಲ. ಹಾಗೆ ನೋಡಿದರೆ ನೀವೇ ತಿನ್ನೋವ್ರಲ್ವೆ?”

“ತಿಂತೀವಿ! ಅದ್ಕೇ ಯೇಳ್ತಿರದು. ಈ ಕಡೆ ನಾವು ತಿಂತೀವಿ ಅಂತ್ಲೇ ಆ ಕಡೆ ತಿನ್ನದೋರ್ನ ತಂದು ಮಡಗಿರದು. ಎಲ್ರೂ ತಿನ್ನಕ್ ಕೂತ್ರೆ ಮಂತ್ರ ಯೇಳೋರ್ ಯಾರು?”

ತಿರುನಾರಾಯಣ ಪೆಟ್ಟಿಗೆಯನ್ನು ತೋರಿಸಿ, ಮೈಸೂರಿನಲ್ಲಿ ದೊಡ್ಡವರೆಲ್ಲ ಹೀಗೆ ಮೀನು ಸಾಕುತ್ತಾರೆಂದೂ, ಸುಮ್ಮನೆ ಕೂತು ನೋಡುತ್ತಾರೆಂದೂ ವಿವರಿಸಿದ.

“ಮೀನ್ನ ನೋಡದಾ? ಅದೇನ್ ಮದ್ವೆ ಎಣ್ಣಾ?”

ಆಗ ಆಂಡಾಳ್ ಬಾಗಿಲ ಮರೆಯಿಂದ ಮುಂದೆ ಬಂದಳು. “ಹೊನ್ನಯ್ಯನವರೆ, ಮೀನು ತಿಂದರು ಅಂತ ನೀವು ಮನೆ ಬಿಡಿಸಿದರೆ ಮಂಡ್ಯದಲ್ಲಿ ಇನ್ನಾರು ನಮಗೆ ಮನೆ ಕೊಡ್ತಾರೆ? ಮೇಲುಕೋಟೆಯಲ್ಲಿ ನಮ್ಮಪ್ಪನಿಗೆ ನಾನೇನು ಹೇಳಲಿ? ಒಂದು ಸಲ ನೋಡಿ. ನೋಡಿ ಆಮೇಲೆ ಹೇಳಿ.”

ಆಂಡಾಳ್‌ನ ಮಾತಿಗೆ ಹೊನ್ನಯ್ಯ ಗೌರವ ಕೊಡುತ್ತಿದ್ದ. ಮೀಸೆ ಸವರಿಕೊಂಡ. “ಆಯ್ತು ಕಣಮ್ಮ. ಭಾನುವಾರ ಬೆಳಿಗ್ಗೆ ನಮ್ಮವ್ವನ ಕರ್ಕಂಡ್ ಬತ್ತೀನಿ. ಪೆಟ್ಗೆ ತುಂಬಾ ನೀರು ನಿಂತಿರ್ಬೇಕು, ನೀರೊಳಗೆ ಮೀನು ಆಡ್ತಿರ್ಬೇಕು. ಅಂಗಿದ್ರೆ ನಿಮ್ ಮಾತು ದಿಟ. ನೀರೇ ನಿಲ್ಲದ್ ಪೆಟ್ಗೆ ಆದ್ರೆ, ಅದು ಬರೀ ಮರೆಮಾಚಾಕೆ ಮಾಡಿರದು.”

ಹೀಗೆ ಆಂಡಾಳ್‌ನ ಬಾವಿ, ಒಳಮನೆ, ಮಾನ ಎಲ್ಲವೂ ಶ್ಯಾಮಣ್ಣನವರ ತಂದೆಯ ಕೈಗುಣಕ್ಕೆ ಅಂಟಿಕೊಂಡವು. ಭಾನುವಾರದವರೆಗೆ ಮೀನುಗಳು ಬಚ್ಚಲುಮನೆಯ ಬಕೆಟ್ಟಿನಲ್ಲಿದ್ದವು. ಮನೆಯವರು ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದರು.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಬೆಂಚಿನ ಮೇಲೆ ಪೆಟ್ಟಿಗೆಯನ್ನಿಟ್ಟರು. ಒಂದು ಕಡೆ ಅಂಕಮ್ಮ ಚಾಪೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡಳು. ಹೊನ್ನಯ್ಯ ಕಂಬಕ್ಕೆ ಒರಗಿದ. ಬೀದಿಯವರು ಕಿಟಕಿಗಳನ್ನು ತುಂಬಿದರು. ಮರಿತಾಯಮ್ಮ ಹಾಲಿನ ಕ್ಯಾನು ಇಳಿಸಿ ಹೊಸ್ತಿಲ ಮೇಲೆ ಕೂತಳು. ಆ ದಿನ ಉಳಿದ ಮನೆಗಳಿಗೆ ಕಾಫಿ ತಡವಾಯಿತು.

ತಿರುನಾರಾಯಣ ಕೊಡದಿಂದ ನೀರು ಸುರಿದ. ಕಾಲು ಪೆಟ್ಟಿಗೆ. ಅರ್ಧ ಪೆಟ್ಟಿಗೆ. ಗಾಜಿನ ಅಂಚು ಒಣಗಿದ್ದದ್ದು ಒಣಗಿದಂತೆಯೇ ಇತ್ತು. ಮುಕ್ಕಾಲು ತುಂಬಿತು. ಶ್ಯಾಮಣ್ಣನವರು ಗಾರೆಯ ಉದ್ದಕ್ಕೂ ಬೆರಳೆಳೆದು, ಬೆರಳನ್ನು ಎತ್ತಿ ಸಭೆಗೆ ತೋರಿಸಿದರು. “ಒಂದು ತೊಟ್ಟಿಲ್ಲ. ಕನ್ನಂಬಾಡಿ!”

ಪೆಟ್ಟಿಗೆ ಕಂಠದವರೆಗೆ ತುಂಬಿತು. ತಿರುನಾರಾಯಣ ಬಕೆಟ್ಟನ್ನು ಬಗ್ಗಿಸಿ ಮೀನುಗಳನ್ನು ಬಿಟ್ಟ. ನಾಲ್ಕೂ ಒಮ್ಮೆ ತಳಕ್ಕಿಳಿದು, ಮೇಲೆದ್ದು, ಗಾಜಿನ ಹತ್ತಿರ ಬಂದು ಬೆಳ್ಳಿಯಂತೆ ಹೊರಳಿದವು. ಕಿಟಕಿಯ ಬೆಳಕು ನೀರಿನೊಳಗಿಂದ ಹಾದು ಗೋಡೆಯ ಮೇಲೆ ಅಲೆಯಾಡಿತು. ಅಂಕಮ್ಮ ಅಗಿಯುವುದನ್ನು ಮರೆತಳು.

“ಚೆಂದ ಐತೆ ಕಣ್ಲಾ,” ಎಂದಳು ಕೊನೆಗೆ.

ಹೊನ್ನಯ್ಯ ಕಂಬ ಬಿಟ್ಟು ಮುಂದೆ ಬಂದ. “ನಿಂತ್ಕತಲ್ಲಾ ಸ್ವಾಮಿ!”

ಆಂಡಾಳ್ ಸೆರಗಿನಿಂದ ಮುಖ ಒರೆಸಿಕೊಂಡಳು. ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ಆದರೆ ತಿರುನಾರಾಯಣ ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಜನ್ಮದಲ್ಲಿ ಮೊದಲ ಸಲ ಇಷ್ಟು ಮಂದಿ ತನ್ನನ್ನು ನೋಡುತ್ತಿರುವುದನ್ನು ಗಮನಿಸಿ, ಗಂಟಲು ಸರಿಮಾಡಿಕೊಂಡ. “ನೀರನ್ನು ನಿಲ್ಲಿಸುವುದು ಎಂದರೆ...” ಎಂದು ಆರಂಭಿಸಿದ.

ಪಟ್ಟಿಗೆ ಹೊಡೆದಿದ್ದ ಒಂದು ಮೊಳೆ ‘ಟಿಣ್’ ಎಂದು ಎಗರಿ ಹೊನ್ನಯ್ಯನ ಪಾದದ ಹತ್ತಿರ ಬಿತ್ತು. ಇನ್ನೊಂದು ಮೊಳೆ ಅದರ ಹಿಂದೆ ಹೋಯಿತು. ಗಾರೆ ಬಿರಿಯಲಿಲ್ಲ. ಶ್ಯಾಮಣ್ಣನವರ ತಂದೆಗೆ ಕೊನೆಯವರೆಗೂ ಕೆಟ್ಟ ಹೆಸರು ಬರಲಿಲ್ಲ. ಗಾಜು, ಗಾರೆ, ಪಟ್ಟಿ ಮೂರೂ ಒಂದಕ್ಕೊಂದು ಕಚ್ಚಿಕೊಂಡು, ಗಾಂಭೀರ್ಯದಿಂದ, ಒಂದು ಬಾಗಿಲು ತೆರೆದಂತೆ ಪೆಟ್ಟಿಗೆಯನ್ನು ಬಿಟ್ಟು ಆಚೆ ಬಂದವು. ಹಿಂದೆಯೇ ನೀರು.

ಅಂಕಮ್ಮ ಕೂತಲ್ಲೇ ನೆನೆದಳು. ಚಾಪೆ ತೇಲಿತು. ನಾಲ್ಕು ಮೀನುಗಳೂ ನಡುಮನೆಯ ತುಂಬ ಪಟಪಟನೆ ಹಾರಿ ಬಿದ್ದವು.

“ರೀ! ಸಾಯ್ತವೆ! ಹಿಡೀರಿ!” ಎಂದು ಆಂಡಾಳ್ ಕೂಗಿದಳು.

ತಿರುನಾರಾಯಣ ಬಗ್ಗಿದ. ಬೆರಳ ತುದಿಗೆ ಮೀನು ತಾಗಿದ್ದೇ ಕೆಂಡ ಮುಟ್ಟಿದವನಂತೆ ಕೈ ಕೊಡವಿದ. ಅಂದಿನ ಪೇಪರು ತಂದು ಅದರ ಮೇಲೆ ಹೊದಿಸಿ ಎತ್ತಲು ನೋಡಿದ. ಮೀನು ಪೇಪರನ್ನು ಹರಿದುಕೊಂಡು ಅವನ ಪಾದದ ಮೇಲೆ ಬಿತ್ತು. ಅವನು ಬೆಂಚು ಹತ್ತಿದ. ಆಂಡಾಳ್ ಅಡಿಗೆ ಮನೆಗೆ ಓಡಿ ಪಾತ್ರೆ ಇಳಿಸುವ ಇಕ್ಕಳ ತಂದಳು. ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ, “ನಾರಾಯಣ, ನಾರಾಯಣ” ಎನ್ನುತ್ತ ಇಕ್ಕಳವನ್ನು ಅಂದಾಜಿನ ಮೇಲೆ ಚಾಚಿದಳು. ಅದಕ್ಕೆ ಸಿಕ್ಕಿದ್ದು ಗಂಡನ ಪಂಚೆಯ ಅಂಚು. ಅವನು ಬೆಂಚಿನ ಮೇಲಿಂದ “ಸಿಕ್ತಾ? ಸಿಕ್ತಾ?” ಎಂದ. “ಸಿಕ್ಕಿದೆ, ಅಲ್ಲಾಡಬೇಡಿ!” ಎಂದಳು ಅವಳು. ಶ್ಯಾಮಣ್ಣನವರು ಕುರ್ಚಿಯ ಮೇಲೆ ನಿಂತು, ಕೊಡೆಯ ತುದಿಯಿಂದ ಒಂದು ಮೀನನ್ನು ದೂರದಿಂದಲೇ ಸಮಾಧಾನಪಡಿಸುತ್ತಿದ್ದರು.

ಅಂಕಮ್ಮ ಗಲ್ಲದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡಿದಳು. ಅವಳ ಭುಜ ಮೊದಲು ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಎಲೆಅಡಿಕೆಯನ್ನು ಆಚೆ ಉಗಿದು ಬಂದು ನಗಲು ಕೂತಳು.

“ಲಾ ಹೊನ್ನ! ನೋಡ್ಲಾ ಅಲ್ಲಿ! ಮೀನು ತಿಂದ ಕೈಯ್ಯೇನ್ಲಾ ಅವು?”

ಹೊನ್ನಯ್ಯ ನೋಡಿದ. ಬೆಂಚಿನ ಮೇಲೆ ನಡುಗುತ್ತಿದ್ದ ಬಾಡಿಗೆದಾರನನ್ನೂ, ಅವನ ಪಂಚೆಯನ್ನು ಇಕ್ಕಳದಲ್ಲಿ ಹಿಡಿದು ದೇವರನ್ನು ಕರೆಯುತ್ತಿದ್ದ ಅವನ ಹೆಂಡತಿಯನ್ನೂ ನೋಡಿದ.

“ಮೀನು ತಿನ್ನೋರ ಮನೆ ಕೂಸು ಇವ್ರಿಗಿಂತ ಚೆಂದಾಗಿ ಇಡೀತದೆ,” ಎಂದಳು ಅಂಕಮ್ಮ. “ಇವರು ಮುಟ್ಟಿರಾದೇ ಇವತ್ತು. ಪಾಪ, ಅನ್ಯಾಯವಾಗಿ ಅಂದ್ಬುಟ್ಟೆ ಕಣ್ಲಾ ನೀನು. ಇಳೀರಿ ಸ್ವಾಮಿ, ಇಳೀರಿ. ಕಚ್ಚಕ್ಕಿಲ್ಲ ಅದು.”

ಸೆರಗು ಸಿಕ್ಕಿಸಿಕೊಂಡು ಎದ್ದವಳು ಹೂ ಬಿಡಿಸಿದಂತೆ ನಾಲ್ಕು ಮೀನನ್ನೂ ಕಿವಿರಿನ ಹತ್ತಿರ ಹಿಡಿದು ಎತ್ತಿ ಬಕೆಟ್ಟಿಗೆ ಹಾಕಿದಳು. ಹೊನ್ನಯ್ಯ ಟವಲನ್ನು ಕಂಕುಳಲ್ಲಿಟ್ಟು ಕೈಮುಗಿದ. “ತೆಪ್ಪಾಯ್ತು ಸ್ವಾಮಿ. ನೀವು ಇರೋಗಂಟ ಈ ಮನೆ ನಿಮ್ದೇ.” ಕಿಟಕಿಯ ಆಚೆಗಿದ್ದ ಮರಿತಾಯಮ್ಮನ ಗಿರಾಕಿಗಳೆಲ್ಲ ಇದನ್ನು ಕೇಳಿಸಿಕೊಂಡರು.

“ಈ ಮೀನು?” ಎಂದ ತಿರುನಾರಾಯಣ, ಇನ್ನೂ ಬೆಂಚಿನ ಮೇಲಿಂದಲೇ.

“ದಯವಿಟ್ಟು ನೀವೇ ತಗೊಂಡು ಹೋಗಿ ಅಂಕಮ್ಮ,” ಎಂದಳು ಆಂಡಾಳ್.

“ಓಯ್ತೀನಿ ಬುಡಿ ಅವ್ವಾರೆ. ನಮ್ಮನೇಲಿ ಇದ್ರೂ ನಿಮ್ಮವೇಯ.”

ಮಧ್ಯಾಹ್ನವೆಲ್ಲ ಆಂಡಾಳ್ ನಡುಮನೆಯನ್ನು ಸೆಗಣಿ ನೀರಿನಲ್ಲಿ ತೊಳೆದಳು. ತಿರುನಾರಾಯಣ ಜಗಲಿಯಲ್ಲಿ ಕೂತು ಖಾಲಿ ಪೆಟ್ಟಿಗೆಯನ್ನು ನೋಡುತ್ತ, ಗಾಜಿನ ಹಿಂದೆ ಹೊರಳಿದ ಆ ಬೆಳ್ಳಿಯನ್ನು ನೆನೆಯುತ್ತಿದ್ದ. ಮನೆ ಉಳಿದಿತ್ತು, ಮಾನ ಉಳಿದಿತ್ತು. ಆದರೂ ಆ ನಾಲ್ಕು ಜೀವಗಳ ಮೇಲೆ ಅವನಿಗೆ ಒಂದು ಬಗೆಯ ಮಮತೆ ಬಂದಿತ್ತು. ದೀಪ ಹಚ್ಚುವ ಹೊತ್ತಿಗೆ ಹೊನ್ನಯ್ಯನೂ ಅಂಕಮ್ಮನೂ ಬಾಳೆಹಣ್ಣಿನ ಗೊನೆ, ಬೆಲ್ಲದ ಅಚ್ಚು ಹಿಡಿದುಕೊಂಡು ತಪ್ಪು ಒಪ್ಪಿಕೊಳ್ಳಲು ಬಂದರು. ಕುಶಲ ಮಾತಾಡಿದ ಮೇಲೆ ತಿರುನಾರಾಯಣ ಮೆಲ್ಲಗೆ ಕೇಳಿದ:

“ಅಂಕಮ್ಮನವರೆ, ಮೀನುಗಳು ಹೇಗಿವೆ?”

ಹೊನ್ನಯ್ಯ ಬಾಳೆಗೊನೆಯನ್ನು ನೋಡತೊಡಗಿದ. ಅಂಕಮ್ಮ ಮಾತ್ರ, ಕೇಳಿದ್ದಕ್ಕೆ ನ್ಯಾಯವಾಗಿ ಉತ್ತರ ಕೊಡಬೇಕೆಂದು ಸ್ವಲ್ಪ ಯೋಚಿಸಿದಳು.

“ರುಚೀಲಿ ಮೋಸ ಇಲ್ಲ ಕಣ್ ಸ್ವಾಮಿ,” ಎಂದಳು. “ವಸಿ ಮುಳ್ಳು ಜಾಸ್ತಿ.”